ಕೊಳ್ಳ ದಾಟಿದ ಕಾಯಿ

ನನ್ನ ಎಡಗಿವಿ ಕೇಳಿಸುವುದಿಲ್ಲ. ಯಾರಾದರೂ ಕೇಳಿದರೆ, ಚಿಕ್ಕಂದಿನಲ್ಲಿ ಕಿವಿ ಸೋರುತ್ತಿತ್ತು, ಔಷಧ ತಡವಾಯಿತು ಎಂದು ಹೇಳಿ ಮುಗಿಸುತ್ತೇನೆ. ಅದು ಸುಳ್ಳು. ನನ್ನ ಸ್ವಂತ ಅಕ್ಕ ಹಿತ್ತಾಳೆ ತಂಬಿಗೆಯಿಂದ ಬಾರಿಸಿದ ಪೆಟ್ಟು ಅದು. ಎಂಬತ್ತರ ದಶಕದ ನಡುವಿನ ಒಂದು ನಾಗರ ಪಂಚಮಿ. ನಮ್ಮೂರ ಕೊಳ್ಳದ ತಳದಲ್ಲಿ, ಹಾಲೆರೆಯಲು ಬಂದಿದ್ದ ಊರ ಹೆಂಗಸರೆಲ್ಲರ ಎದುರಿಗೇ ಹೊಡೆದಳು. ಅದು ನನಗೆ ಸಲ್ಲಬೇಕಾದ ಪೆಟ್ಟೇ ಆಗಿತ್ತು.

ನಮ್ಮೂರು ಚಿಕ್ಕೋಡಿಗೂ ರಾಯಬಾಗಕ್ಕೂ ನಡುವೆ, ಡಾಂಬರು ರಸ್ತೆಯಿಂದ ಒಳಗೆ. ಅಗಸಿ ಬಾಗಿಲಿನಿಂದ ಹೊರಟು ಕಬ್ಬಿನ ಬದುಗುಂಟ ನಡೆದು, ಶೇಂಗಾ ಹೊಲ ದಾಟಿದರೆ ಕೊಳ್ಳ ಬರುತ್ತದೆ. ಎರಡು ಬೀಡಿ ಸೇದುವಷ್ಟು ದಾರಿ. ದೂರದಿಂದ ಏನೂ ಕಾಣುವುದಿಲ್ಲ. ಸಪಾಟು ಹೊಲ ಹೋಗುತ್ತ ಹೋಗುತ್ತ ಒಮ್ಮೆಲೇ ಕಾಲ ಬುಡದಲ್ಲಿ ನೆಲ ಸೀಳಿಕೊಂಡು ನಿಲ್ಲುತ್ತದೆ. ಎರಡೂ ಬದಿಗೆ ಕರಿಬಂಡೆಯ ಗೋಡೆ, ಗೋಡೆಯ ಸಂದಿಗಳಲ್ಲಿ ಪಾರಿವಾಳ, ಅಲ್ಲಲ್ಲಿ ಜೋತುಬಿದ್ದ ಅತ್ತಿಗಿಡ. ಶ್ರಾವಣದಲ್ಲಿ ಮೇಲಿನ ತುದಿಯಿಂದ ನೀರು ಬಿಳಿ ಪಂಜೆ ಇಳಿಬಿಟ್ಟ ಹಾಗೆ ಬೀಳುತ್ತಿರುತ್ತದೆ. ಬಂಡೆಯಲ್ಲೇ ಕಡಿದ ಮೆಟ್ಟಿಲಿಳಿದು ಹೋದರೆ ತಳದಲ್ಲಿ ಹಳ್ಳ, ಹಳ್ಳದ ಪಕ್ಕ ನಾಗರಕಲ್ಲು. ಹೊಸದಾಗಿ ಬೀಗರು ಬಂದರೆ ಊಟಕ್ಕೂ ಮೊದಲು ಕೊಳ್ಳ ತೋರಿಸುವುದು ನಮ್ಮೂರ ಪದ್ಧತಿ. ಬೇರೆ ತೋರಿಸಲು ನಮ್ಮಲ್ಲಿ ಏನೂ ಇರಲಿಲ್ಲ ಅನ್ನುವುದೂ ಖರೆ.

ಆ ವರ್ಷ ಅಕ್ಕ ಹಬ್ಬಕ್ಕೆ ಎರಡು ದಿನ ಮೊದಲೇ ಬಂದಿದ್ದಳು. ಅವಳನ್ನು ಕಾಗವಾಡದ ಕಡೆ, ದ್ರಾಕ್ಷಿ ತೋಟದವರ ಮನೆಗೆ ಕೊಟ್ಟು ಎರಡು ವರ್ಷವಾಗಿತ್ತು. ಬಂದ ಮರುದಿನ ಅವ್ವ ಎಣ್ಣೆ ಹಚ್ಚಿ ಎರೆಯಲು ಕೂಡಿಸಿದಳು. ಬಚ್ಚಲಿಂದ ಅವ್ವ ಚೀರಿದ್ದು ಕೇಳಿ ಅಪ್ಪ ಅಂಗಳದಿಂದ ಓಡಿಬಂದ. ಅಕ್ಕನ ಬೆನ್ನ ಮೇಲೆ ಬಾರಕೋಲಿನ ಬಾಸುಂಡೆಗಳಿದ್ದವಂತೆ, ಎತ್ತಿಗೆ ಹೊಡೆಯುವ ಬಾರಕೋಲು. ಹಳೆಯವು ಕಪ್ಪಾಗಿದ್ದವು, ಹೊಸವು ಇನ್ನೂ ಕೆಂಪಗಿದ್ದವು. ಗಂಡ ಯಾಕೆ ಹೊಡೆದ ಎಂದು ಅವ್ವ ಕೇಳಿದರೆ ಅಕ್ಕ, “ಒಂದಿನ ಚಾ ಆರಿತ್ತು. ಒಂದಿನ ಹಂಗ ಸುಮ್ನ” ಅಂದಳು.

ಅಪ್ಪ ಹೆಚ್ಚು ಮಾತಾಡುವ ಮನುಷ್ಯನಲ್ಲ. ಆ ದಿನ ಊಟ ಬಿಟ್ಟ. ಸಂಜೆ ನನ್ನನ್ನು ಕರೆದು, “ಆಕೀನ್ನ ಇನ್ನ ಆ ಮನಿಗೆ ಕಳಸೂದಿಲ್ಲ. ಪಂಚಮಿ ದಿನ ಸಂಜಿಗೆ ಹಿರ್ಯಾರು ಕೂಡ್ತಾರ, ಲಗ್ನ ಮಾಡ್ಸಿದವ್ರೂ, ಅವ್ರ ಕಡೆ ಹಿರ್ಯಾರೂ ಬರ್ತಾರ. ಅಲ್ಲೀತನಾ ನಿನ್ನ ಬಾಯಿಗೆ ಬೀಗ ಹಾಕ್ಕೋ” ಅಂದ. ನನಗಾಗ ಇಪ್ಪತ್ತು. ಸಿಟ್ಟು ಮೂಗಿನ ತುದಿಯಲ್ಲೇ ಕೂತಿರುತ್ತಿತ್ತು. ಹಿರಿಯರು ಕೂತು ಮಾತಾಡುವುದೆಂದರೆ ನನ್ನ ಲೆಕ್ಕಕ್ಕೆ ಎಲೆ ಅಡಿಕೆ ಹಾಳು. ಅವನ ಕೈ ಮುರಿದು ಕೈಗೆ ಕೊಡಬೇಕು ಎಂದು ನನ್ನ ಮೈ ಉರಿಯುತ್ತಿತ್ತು.

ಹಬ್ಬದ ದಿನ ಮುಂಜಾನೆಯೇ ಅವನು ಬಂದುಬಿಟ್ಟ. ಹಬ್ಬ ಮುಗಿಯುವ ಮೊದಲೇ ಹೆಂಡತಿಯನ್ನು ಕರೆದೊಯ್ಯಲು ಬರುವುದು ಯಾವ ರೀತಿ ಹೇಳಿ? ಅಕ್ಕನ ಗಂಡನಿಗೆ ನಮ್ಮ ಕಡೆ ಮರಾಠಿಯವರ ಹಾಗೆ ದಾಜಿ ಅನ್ನುತ್ತೇವೆ. ದಾಜಿಯ ಮೈಮೇಲೆ ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಾಲಲ್ಲಿ ಕರ್ರ ಕರ್ರ ಎನ್ನುವ ಅಥಣಿ ಚಪ್ಪಲಿ, ಕಿವಿಯಲ್ಲಿ ಅತ್ತರಿನ ಹತ್ತಿ. ನೋಡಿದವರು ದೇವರಂಥ ಮನುಷ್ಯ ಅನ್ನಬೇಕು, ಹಾಗಿದ್ದ. “ನಾಳೆ ಮುಂಜಾನಿ ಬಸ್ಸಿಗೆ ಹೊಂಡೂದು, ತಯಾರಾಗಿರು” ಎಂದು ಪಡಸಾಲೆಯಲ್ಲಿ ನಿಂತೇ ಅಕ್ಕನಿಗೆ ಹೇಳಿದ. ಅಕ್ಕ ಹಾಲಿನ ತಂಬಿಗೆ ಹಿಡಿದು, ಹೆಂಗಸರ ಜತೆ ಕೊಳ್ಳಕ್ಕೆ ಹೊರಟಳು. ಅಪ್ಪ ನನ್ನ ಕಡೆ ನೋಡಿ, “ದಾಜಿಗೆ ಕೊಳ್ಳ ತೋರ್ಸ್ಕೊಂಡ ಬಾ” ಅಂದ. ಸಂಜೆಯವರೆಗೆ ಹೊತ್ತು ಕಳೆಯಲಿ ಎಂಬುದು ಅವನ ವಿಚಾರ. ನನಗೆ ಅದು ಗೊತ್ತಿತ್ತು.

ಪಂಚಮಿಯ ದಿನ ನಮ್ಮಲ್ಲಿ ನೆಲ ಅಗೆಯುವುದಿಲ್ಲ, ಒಲೆಯ ಮೇಲೆ ಹಂಚು ಇಡುವುದಿಲ್ಲ, ಹುಳಕ್ಕೂ ನೋವಾಗಬಾರದು ಎಂದು ಕುಡುಗೋಲು ಮುಟ್ಟುವುದಿಲ್ಲ. ನಾನು, ದಾಜಿ, ನನ್ನ ನಾಲ್ಕು ಜನ ಗೆಳೆಯರು ಕಬ್ಬಿನ ಬದುಗುಂಟ ಹೊರಟಿದ್ದೆವು. ದಾರಿಯಲ್ಲಿ ಒಂದು ಕಲ್ಲಿನ ಮೇಲೆ ಓತಿಕ್ಯಾತ ಕೂತಿತ್ತು. ದಾಜಿ ನಡೆಯುತ್ತಲೇ ಬಗ್ಗಿ ಒಂದು ಹರಳು ಎತ್ತಿ ಬೀಸಿದ. ಇಪ್ಪತ್ತು ಮಾರು ದೂರವಿತ್ತು. ಅದರ ತಲೆ ಜಜ್ಜಿಹೋಗಿ ಬಾಲ ಮಾತ್ರ ಒದ್ದಾಡುತ್ತಿತ್ತು. ಗೆಳೆಯರಲ್ಲೊಬ್ಬ, “ಅಬ್ಬಾ, ಏನ್ ಗುರಿರೀ ದಾಜಿ!” ಅಂದ. “ದ್ರಾಕ್ಷಿ ತೋಟದಾಂವಪಾ. ಗಿಳಿ ಹಾರ್ಸಾಕ ದಿನಾ ಕವಣಿ ಬೀಸೂದ ನಮ್ಮ ಕೆಲಸ” ಎಂದು ಅವನು ನಕ್ಕ. ಹಬ್ಬದ ದಿನ ಜೀವ ತೆಗೆದನಲ್ಲ ಎಂದು ಬೈದುಕೊಂಡೆನೇ ಹೊರತು ಆ ಕೈಯನ್ನು ನಾನು ಗಮನಿಸಲಿಲ್ಲ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಕೊಳ್ಳದ ದಂಡೆಗೆ ಬಂದು ನಿಂತೆವು. ಕೆಳಗೆ ನೀರಿನ ಸಪ್ಪಳ, ಹೆಂಗಸರ ನಗೆ, ನಾಗರಕಲ್ಲಿನ ಸುತ್ತ ಹೊಸ ಸೀರೆಗಳ ಬಣ್ಣ. ಅಕ್ಕನ ಹಸಿರು ಸೀರೆ ಮೇಲಿನಿಂದಲೇ ಕಾಣುತ್ತಿತ್ತು. ದಾಜಿ ಸೊಂಟದ ಮೇಲೆ ಕೈಯಿಟ್ಟು ಒಮ್ಮೆ ಬಗ್ಗಿ ನೋಡಿ, ತುಪಕ್ಕನೆ ಎಲೆ ಅಡಿಕೆ ಉಗುಳಿದ. “ಇಷ್ಟ ಏನ ನಿಮ್ಮ ಕೊಳ್ಳ? ನಮ್ಮ ಕಡೆ ಇದಕ್ಕ ಕಾಲವಿ ಅಂತಾರ.” ಗೆಳೆಯರು ಮುಖ ಮುಖ ನೋಡಿಕೊಂಡರು. ಅವನು ಉಗುಳಿದ್ದು ನನ್ನ ಅಕ್ಕನ ತಲೆಯ ನೇರಕ್ಕೇ ಬಿದ್ದ ಹಾಗೆ ನನಗನ್ನಿಸಿತು.

ಪಂಚಮಿಗೆ ಗಂಡಸರು ಪಂಥ ಕಟ್ಟುವುದು ನಮ್ಮ ಸೀಮೆಯಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ನಿಂಬೆಹಣ್ಣು ಎಷ್ಟು ಸಲ ಒಗೆದರೆ ಮುಂದಿನ ಊರು ಮುಟ್ಟುತ್ತದೆ, ಕಣ್ಣು ಕಟ್ಟಿಕೊಂಡು ಯಾರು ನೆಟ್ಟಗೆ ನಡೆಯುತ್ತಾರೆ, ಇಂಥವು. ನಮ್ಮೂರ ಪಂಥ ಮಾತ್ರ ಬೇರೆ: ಈಚೆ ದಂಡೆಯಿಂದ ಆಚೆ ದಂಡೆಗೆ ತೆಂಗಿನಕಾಯಿ ದಾಟಿಸುವುದು. ಅದಕ್ಕೆಂದೇ ಕಾಯಿಯ ನಾರೆಲ್ಲ ಸುಲಿದು, ಹಿಡಿಯಲು ಜುಟ್ಟೊಂದನ್ನು ಉದ್ದಕ್ಕೆ ಬಿಡುತ್ತಾರೆ. ಕಾಯಿ ಒಡೆದರೂ ಚಿಂತೆಯಿಲ್ಲ, ಆಚೆ ಬಂಡೆಯ ಮೇಲೆ ಬೀಳಬೇಕು. ಬಿದ್ದದ್ದಕ್ಕೆ ಸಾಕ್ಷಿಯಾಗಿ ಆಚೆ ಒಬ್ಬ ನಿಂತಿರಬೇಕು. ಆ ದಿನವೂ ಗೆಳೆಯರು ಚೀಲದಲ್ಲಿ ಕಾಯಿ ಹೊತ್ತು ತಂದಿದ್ದರು. ಹಿಂದಿನ ಎರಡು ವರ್ಷ ದಾಟಿಸಿದವನು ಇಡೀ ಊರಿಗೆ ನಾನೊಬ್ಬನೇ. ಆ ಗರ್ವ ನನ್ನ ತಲೆ ತುಂಬಿತ್ತು.

ದಾಜಿ ಕೆಳಗಿನ ಹಸಿರು ಸೀರೆಯ ಕಡೆ ಬೆರಳು ಮಾಡಿ, “ತವರ ಮನಿಗೆ ಬಂದ್ರ ಸಾಕು, ನಗೂದೇನ, ಕುಣಿಯೂದೇನ. ನಾಳೆ ಮನಿ ಮುಟ್ಟಲಿ, ಎಲ್ಲಾ ಇಳಸ್ತೀನಿ” ಅಂದ.

“ಆಕಿ ಬರೂದಿಲ್ಲ,” ಅಂದೆ. ಅಪ್ಪ ಹಾಕಿದ ಬೀಗ ಅಲ್ಲಿಗೇ ಮುರಿಯಿತು.

“ಏನಂದಿ?”

“ನಿಮ್ಮ ಮನಿಗೆ ನಮ್ಮಕ್ಕ ಇನ್ನ ಬರೂದಿಲ್ಲ ಅಂದ್ನಿ.”

“ಯಾವ ಮಗ ತಡೀತಾನ ನೋಡೇ ಬಿಡ್ತೀನಿ,” ಎಂದು ಅವನು ತೋಳೇರಿಸಿದ.

ಆಗಲೇ ಒಂದು ಏಟು ಬಿಟ್ಟು ಮುಗಿಸಿದ್ದರೆ ಆಗಿಹೋಗುತ್ತಿತ್ತು. ಆದರೆ ನನಗೆ ಅವನನ್ನು ಬರೀ ಹೊಡೆಯುವುದು ಸಾಕಾಗಲಿಲ್ಲ. ನಾಲ್ಕು ಮಂದಿ ನೋಡುತ್ತಿರುವಾಗ ಅವನ ಮೀಸೆ ಮಣ್ಣಾಗಬೇಕಿತ್ತು, ಅವನೇ ತಲೆ ತಗ್ಗಿಸಿ ಒಬ್ಬನೇ ಬಸ್ಸು ಹತ್ತಬೇಕಿತ್ತು. “ಗಂಡಸಾದ್ರ ಕಾಯಿ ದಾಟಸು,” ಅಂದೆ. “ನೀ ಗೆದ್ರ ಆಕೀನ್ನ ಕರ್ಕೊಂಡ ಹೋಗು, ನಾವ್ಯಾರೂ ತಡಿಯೂದಿಲ್ಲ. ಸೋತ್ರ ಈ ಕಡೆ ಮಖಾ ಹಾಕಬ್ಯಾಡ. ತಲಾ ಮೂರ ಕಾಯಿ.”

“ಮಾತ?”

“ಮಾತ.” ಕೈ ಮೇಲೆ ಕೈ ಬಡಿದೆ.

ಗೆಳೆಯರು ಹೋ ಎಂದು ಕೇಕೆ ಹಾಕಿದರು. ಒಬ್ಬನನ್ನು ಬಿಟ್ಟು ಯಾರೂ ಬೇಡ ಅನ್ನಲಿಲ್ಲ. ಆಚೆ ದಂಡೆಗೆ ಸಾಕ್ಷಿಯಾಗಿ ಹೋದವನು ಪಿಂಜಾರರ ಮನೆಯ ಗೆಳೆಯ. ಅವನೊಬ್ಬ ಹೋಗುವ ಮುಂಚೆ ನನ್ನ ಕಿವಿಯಲ್ಲಿ, “ಅಕ್ಕನ ಮ್ಯಾಲ ಪಂಥ ಬ್ಯಾಡಲೇ, ಬ್ಯಾರೆ ಏನರ ಹಚ್ಚು” ಎಂದು ಮೆಲ್ಲಗೆ ಅಂದಿದ್ದ. ನಾನು ಅವನನ್ನು ದೂಡಿ ಕಳಿಸಿದೆ.

ಮೊದಲು ನಾನು. ಮೂರು ಹೆಜ್ಜೆ ಓಡಿ ಬೀಸಿದೆ. ಕಾಯಿ ಆಚೆ ಗೋಡೆಗೆ ಮಾರುದ್ದ ಕೆಳಗೆ ಬಡಿದು ಪಟಾರನೆ ಒಡೆಯಿತು. ಚೂರುಗಳು ಹಳ್ಳಕ್ಕೆ ಬಿದ್ದವು, ಹೆಂಗಸರು ಕೆಳಗಿನಿಂದ, “ಏ, ನಿಮ್ಮ ಕೈ ಸೇದ್ಲಿ! ಮಂದಿ ಅದಾರ ಕಾಣೂದಿಲ್ಲೇನ?” ಎಂದು ಬೈದರು. ಎರಡನೆಯದು ಆಚೆಯ ಅಂಚಿಗೆ ಕೂತು, ಒಂದು ಗಳಿಗೆ ಅಲ್ಲಾಡಿ, ಹಿಂದಕ್ಕುರುಳಿತು. ಇನ್ನೇನು, ಮೂರನೆಯದು ದಾಟಿತು ಎಂದೇ ಎಲ್ಲರೂ ತಿಳಿದಿದ್ದರು. ಓಡಿ ಬಂದು ಕಾಲೂರಿದಲ್ಲಿ ಪಾಚಿಯಿತ್ತು. ಹಿಮ್ಮಡಿ ಜಾರಿತು. ಕಾಯಿ ಕೈಯಿಂದ ಸಡಿಲಾಗಿ ಹೋಗಿ ನಡುನೀರಿಗೆ ಬಿತ್ತು.

ದಾಜಿ ಓಡಲೂ ಇಲ್ಲ. ಚಪ್ಪಲಿ ಕಳಚಿಟ್ಟ. ಜುಟ್ಟು ಹಿಡಿದು ಕಾಯಿಯನ್ನು ತಲೆಯ ಸುತ್ತ ಒಂದು ಸಲ, ಎರಡು ಸಲ ತಿರುವಿದ. ಕವಣೆ ಬೀಸುವ ಹಾಗೆಯೇ ಬೀಸಿದ. ಬಿಟ್ಟ ಕಾಯಿ ಕೊಳ್ಳದ ಮೇಲಿನಿಂದ ಹೋಗಿ, ಪಿಂಜಾರರ ಗೆಳೆಯನ ಕಾಲಿನ ಮುಂದೆ ಬಿದ್ದು ಹೋಳಾಯಿತು. ಅವನು “ಬಂತು” ಎಂದು ಕೂಗಬೇಕಿತ್ತು. ಕೂಗಲಿಲ್ಲ. ಎರಡೂ ಕೈಯಿಂದ ತಲೆ ಹಿಡಿದುಕೊಂಡು ಅಲ್ಲೇ ಕುಕ್ಕರಿಸಿದ.

ದಾಜಿ ಹಲ್ಲು ಕಿರಿಯುತ್ತ ಮೆಟ್ಟಿಲಿಳಿಯತೊಡಗಿದ. ನಾನು ಅವನ ಹಿಂದೆ ಓಡಿದೆ. ಅರ್ಧ ಮೆಟ್ಟಿಲಿಗೆ ಗೆಳೆಯರು ಬಂದು ನನ್ನ ತೋಳು ಹಿಡಿದರು. “ಮಾತ ಕೊಟ್ಟಿ ಮಾರಾಯಾ. ಸೋತಮ್ಯಾಲ ಅಡ್ಡ ಹೋದ್ರ ಊರ ಮರ್ಯಾದಿ ಏನಾಗಬೇಕು?” ಅಂದರು. ನಾನು ನಿಂತೆ. ಹೌದು, ನಿಂತೆ. ಬಲವಾಗಿ ಒದರಿಕೊಂಡಿದ್ದರೆ ಅವರ ಕೈ ಬಿಡುತ್ತಿತ್ತು, ನಾನು ಒದರಿಕೊಳ್ಳಲಿಲ್ಲ.

ಕೆಳಗೆ ದಾಜಿ ಹೆಂಗಸರ ನಡುವೆ ನುಗ್ಗಿ ಅಕ್ಕನ ಮುಂದೆ ನಿಂತ. “ನಡಿ. ನಾಳೆ ಅಲ್ಲ, ಈಗಿಂದೀಗ ನಡಿ. ನಿನ್ನ ತಮ್ಮ ನಿನ್ನನ್ನ ಕಾಯಿ ಪಂಥಕ್ಕ ಹಚ್ಚಿ ಸೋತಾನ.” ಅಕ್ಕ ಅವನನ್ನು ನೋಡಲಿಲ್ಲ. ತಲೆಯೆತ್ತಿ ಮೆಟ್ಟಿಲ ಮೇಲಿದ್ದ ನನ್ನನ್ನು ನೋಡಿದಳು. “ಖರೇನ?” ಎಂದು ಕೇಳಿದಳು. ನಾನು ತಲೆ ತಗ್ಗಿಸಿದೆ.

“ನಾ ಬರೂದಿಲ್ಲ,” ಅಂದಳು.

ಅವನು ಕಪಾಳಕ್ಕೆ ಹೊಡೆದ. ಆ ಸಪ್ಪಳ ಬಂಡೆಗೆ ಬಡಿದು ಮತ್ತೊಮ್ಮೆ ಕೇಳಿಸಿತು. ಪಾರಿವಾಳಗಳು ಗೋಡೆ ಬಿಟ್ಟು ಮೇಲೆದ್ದವು. ಹೆಂಗಸರು ಅಯ್ಯೋ ಅಯ್ಯೋ ಎಂದು ಹಿಂದೆ ಸರಿದರು. ಇನ್ನೊಂದು ಹೊಡೆದ, ಅಕ್ಕನ ತುಟಿ ಒಡೆಯಿತು. ಆಮೇಲೆ ಹೆರಳಿಗೆ ಕೈ ಹಾಕಿ, ಮುಡಿದಿದ್ದ ಹೂವಿನ ಸಮೇತ ಸುತ್ತಿಕೊಂಡು, ಮೆಟ್ಟಿಲ ಕಡೆ ಎಳೆಯತೊಡಗಿದ. ಅವಳ ಮೊಣಕಾಲು ಕಲ್ಲಿಗೆ ಉಜ್ಜಿ ರಕ್ತ ಬಂತು. ಅಷ್ಟೂ ಹೊತ್ತು ನಾನು ಮಾತು ಕೊಟ್ಟವನಾಗಿ ನಿಂತಿದ್ದೆ. ಈಗ ಬರೆಯುವಾಗಲೂ ನನ್ನ ಮುಖಕ್ಕೆ ನಾನೇ ಉಗುಳಿಕೊಳ್ಳಬೇಕು ಅನ್ನಿಸುತ್ತದೆ.

ಅಕ್ಕನ ಕೈಯಲ್ಲಿ ತಂಬಿಗೆ ಇನ್ನೂ ಇತ್ತು, ಅರ್ಧ ಹಾಲು ಇತ್ತು. ಅವಳು ಹಾಗೆಯೇ ತಿರುಗಿ ಅವನ ಮುಖಕ್ಕೆ ಅದನ್ನು ಬೀಸಿದಳು. ಹುಬ್ಬಿನ ಎಲುಬಿಗೆ ಬಿತ್ತು. ಹಾಲು, ರಕ್ತ ಎರಡೂ ಅವನ ಬಿಳಿ ಅಂಗಿಯ ಮೇಲೆ ಇಳಿದವು. ಅವನು ಹೆರಳು ಬಿಡಲಿಲ್ಲ. ಮತ್ತೆ ಬೀಸಿದಳು, ಬಾಯಿಗೆ. ಹಲ್ಲು ಮುರಿದ ಸಪ್ಪಳ ನನಗೆ ಮೆಟ್ಟಿಲವರೆಗೂ ಕೇಳಿಸಿತು. ಅವನು ಕೈ ಬಿಟ್ಟು, ಹಿಂದಕ್ಕೆ ಹೋಗಿ, ಹಳ್ಳದ ನೀರಿಗೆ ಮಗುಚಿಬಿದ್ದ.

ಆಗ ನನಗೆ ಗಂಡಸುತನ ಬಂತು ನೋಡಿ! ಮೆಟ್ಟಿಲು ಹಾರಿ ಕೆಳಗೆ ಬಂದೆ. ನೀರಿನಲ್ಲಿ ಬಿದ್ದವನ ಎದೆ ಮೇಲೆ ಕೂತು ಗುದ್ದಿದೆ, ಎದ್ದು ಒದ್ದೆ, ತಲೆಗೂದಲು ಹಿಡಿದು ನೀರೊಳಗೆ ಅದುಮಿದೆ. ಅವನ ಕಾಲುಗಳು ಪಟಪಟ ಬಡಿಯುತ್ತಿದ್ದವು. ಕೊಂದೇಬಿಡುತ್ತಿದ್ದೆ, ಆಣೆ ಮಾಡಿ ಹೇಳುತ್ತೇನೆ. ಹಿಂದಿನಿಂದ ಯಾರೋ ಅಂಗಿ ಹಿಡಿದು ಎಳೆದರು. ತಿರುಗಿದರೆ ಅಕ್ಕ. ತುಟಿಯಿಂದ ರಕ್ತ ಸೋರುತ್ತಿತ್ತು. ತಂಬಿಗೆಯನ್ನು ಭುಜದವರೆಗೆ ಎತ್ತಿ ನನ್ನ ಎಡಗಿವಿಯ ಮೇಲೆ ಹೊಡೆದಳು. ಒಳಗೆ ಏನೋ ಪಟ್ಟೆಂದು ಒಡೆದು, ನೀರಿನ ಸಪ್ಪಳ ಒಂದು ಕಡೆಯಿಂದ ನಿಂತೇಹೋಯಿತು.

ದಾಜಿಯನ್ನು ನನ್ನ ಗೆಳೆಯರೇ ಹೊತ್ತು ಮೇಲೆ ತಂದರು. ಸಂಜೆ ಹಿರಿಯರು ಕೂತರು. ಅಪ್ಪ ಯೋಚಿಸಿಟ್ಟ ಮಾತುಗಳೆಲ್ಲ ಹಾಳಾಗಿದ್ದವು. ಬಾಸುಂಡೆಯ ವಿಷಯ ಎತ್ತುವ ಮೊದಲೇ ಅವರ ಕಡೆಯ ಮುದುಕ, “ನಿಮ್ಮ ಮಗಾ ಪಂಥಾ ಹಚ್ಯಾನ, ಸೋತಾನ. ಮ್ಯಾಲ ನಮ್ಮ ಹುಡಗನ್ನ ಸಾಯೂಹಂಗ ಹೊಡದೀರಿ. ನಿಮ್ಮ ಮನಿ ಮಾತಿಗೆ ಕಿಮ್ಮತ್ತ ಐತೇನ್ರಿ?” ಎಂದು ಗದರಿಸಿದ. ಲಗ್ನ ಮಾಡಿಸಿದವರು ಕೂಡ, “ಮಾತಂದ್ರ ಮಾತಲ್ರಿ. ಈ ಸಲ ಕಳಸ್ರಿ, ಮುಂದ ನೋಡೂಣು” ಎಂದು ರಾಗ ಎಳೆದರು. ಅಪ್ಪ ನನ್ನ ಕಡೆ ನೋಡಿದ. ಹೊಡೆದಿದ್ದರೆ ಚೆನ್ನಾಗಿತ್ತು. ಅವನ ಕಣ್ಣಲ್ಲಿ ನೀರಿತ್ತು. ನನ್ನಿಂದಾಗಿ ಅಕ್ಕ ಹೋಗಲೇಬೇಕಾಗುತ್ತದೆ ಎಂದು ನನಗೆ ಖಾತ್ರಿಯಾಯಿತು.

ಅಡುಗೆಮನೆಯಿಂದ ಅಕ್ಕ ತಾನೇ ಹೊರಗೆ ಬಂದಳು. ಹಿರಿಯರ ಮುಂದೆ ಹೆಂಗಸರು ಬಂದು ನಿಲ್ಲುವ ರೂಢಿ ನಮ್ಮಲ್ಲಿರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು, ತುಟಿ ಬಾತಿತ್ತು. “ನಾ ಹೋಗೂದಿಲ್ಲರಿ,” ಅಂದಳು. “ಕಳಿಸಿದ್ರಂದ್ರ ಒಂದ ತಿಂಗಳೊಳಗ ಇಂವಾ ನನ್ನ ಕೊಲ್ತಾನ, ಇಲ್ಲಾ ನಾ ಇಂವನ್ನ ಕೊಲ್ತೀನಿ. ಯಾರ ಹೆಣಾ ಬೇಕು ಹೇಳ್ರಿ.” ಮೂಲೆಯಲ್ಲಿ ಬಾಯಿಗೆ ಬಟ್ಟೆ ಒತ್ತಿಕೊಂಡು ಕೂತಿದ್ದ ದಾಜಿ ತಲೆ ಎತ್ತಲಿಲ್ಲ. ಮುದುಕ ಎಲೆಯ ಚೀಲ ಕಟ್ಟಿಕೊಂಡು ಮೇಲೆದ್ದ. ಮರುದಿನ ಮುಂಜಾನೆಯ ಬಸ್ಸಿಗೆ ಅವರು ಅಕ್ಕನನ್ನು ಬಿಟ್ಟು, ಬಂದ ಹಾಗೇ ಹೊರಟುಹೋದರು.

ಅಕ್ಕ ಒಂದು ವರ್ಷ ಮನೆಯಲ್ಲಿದ್ದು ಹೊಲಿಗೆ ಕಲಿತಳು. ಆಮೇಲೆ ನಿಪ್ಪಾಣಿಯಲ್ಲಿ ಒಂದು ಖೋಲಿ ಹಿಡಿದು ಮಷಿನ್ ಹಾಕಿಕೊಂಡಳು. ತಂಬಾಕಿನ ಘಾಟು ಬಡಿಯುವ ಓಣಿ ಅದು. ಬೀಡಿ ಕಟ್ಟುವ ಹೆಂಗಸರ ಜಂಪರು ಹೊಲಿದೇ ಬದುಕು ಕಟ್ಟಿಕೊಂಡಳು. ಪಂಚಮಿಗೆ ತವರಿಗೆ ಕರೆತರಲು ತಮ್ಮನೇ ಹೋಗಬೇಕಲ್ಲ, ಪ್ರತಿ ವರ್ಷ ನಾನು ಹೋಗುತ್ತಿದ್ದೆ. ಚಾ ಕೊಡುತ್ತಿದ್ದಳು, ನನ್ನ ಮಕ್ಕಳ ಆರೋಗ್ಯ ಕೇಳುತ್ತಿದ್ದಳು. “ನೀ ನಡಿ. ನಾ ಮುಂದಿನ ಬಸ್ಸಿಗೆ ಬರ್ತೀನಿ” ಅನ್ನುತ್ತಿದ್ದಳು. ಬರುತ್ತಲೂ ಇದ್ದಳು, ಒಬ್ಬಳೇ. ನನ್ನ ಜತೆ ಒಂದೇ ಬಸ್ಸಿನಲ್ಲಿ ಒಮ್ಮೆಯೂ ಕೂಡಲಿಲ್ಲ. ನಾನು ಸೋತದ್ದಕ್ಕೆ ಸಿಟ್ಟು ಇನ್ನೂ ಆರಿಲ್ಲ ಎಂದುಕೊಳ್ಳುತ್ತಿದ್ದೆ. ಹಾಸಿಗೆಯಲ್ಲಿ ಬಿದ್ದು ಆ ಮೂರನೆಯ ಕಾಯಿಯನ್ನು ಎಷ್ಟು ಸಲ ಒಗೆದೆನೋ ಲೆಕ್ಕವಿಲ್ಲ. ಕಾಲು ಒಂದು ಗೇಣು ಆಚೆ ಇಟ್ಟಿದ್ದರೆ ಪಾಚಿ ಇರುತ್ತಿರಲಿಲ್ಲ.

ತೊಂಬತ್ತರ ದಶಕದ ಒಂದು ಪಂಚಮಿ. ಅಪ್ಪ ಆಗ ತೀರಿಕೊಂಡಿದ್ದ. ಮಧ್ಯಾಹ್ನ ಊಟವಾದ ಮೇಲೆ ಅಕ್ಕ ತಾನಾಗಿಯೇ, “ಕೊಳ್ಳದ ಕಡೆ ಹೋಗಿ ಬರೂಣ ನಡಿ” ಅಂದಳು. ನನಗೆ ನಂಬಿಕೆಯೇ ಬರಲಿಲ್ಲ. ಬದುಗುಂಟ ನಡೆಯುವಾಗ ಅವಳು ಸುತ್ತು ಹಾಕಿ ನನ್ನ ಬಲಕ್ಕೆ ಬಂದಳು, ಕೇಳುವ ಕಿವಿಯ ಕಡೆಗೆ. ದಂಡೆಯಲ್ಲಿ ನಿಂತೆವು. ನೀರು ಬೀಳುತ್ತಿತ್ತು, ಹಾಲೆರೆಯುವ ಹೆಂಗಸರು ಕೆಳಗಿದ್ದರು. ಹೇಳಲು ಇದೇ ಹೊತ್ತು ಅನ್ನಿಸಿ ಬಾಯಿ ಬಿಟ್ಟೆ.

“ಅಕ್ಕಾ, ಆ ದಿನಾ ಇಲ್ಲಿ ಪಾಚಿ ಇತ್ತು. ಕಾಲ ಜಾರಲಿಲ್ಲಂದ್ರ ಮೂರನೇದ್ದು ದಾಟ್ತಿತ್ತು. ದೇವರಾಣಿ, ನಾ ಗೆಲ್ತಿದ್ದೆ.”

ಅವಳು ನನ್ನ ಮುಖವನ್ನೇ ನೋಡಿದಳು. “ಅಯ್ಯ, ಹುಚ್ಚಪ್ಪಾ,” ಅಂದಳು. “ನೀ ಗೆದ್ದಿದ್ರೂ ಅಷ್ಟ ಜೋರ ಹೊಡೀತಿದ್ದೆ.”

“ಗೆದ್ದಿದ್ರ ಯಾಕ?”

“ನಾ ಅಲ್ಲೇ ಇದ್ನಲ್ಲೋ, ಕೆಳಗ. ಇಳದು ಬಂದು ನನ್ನ ಒಂದ ಮಾತ ಕೇಳಿದ್ದೇನು?”

ಮೆಟ್ಟಿಲುಗಳನ್ನು ನೋಡಿದೆ. ಇಪ್ಪತ್ತೋ ಮೂವತ್ತೋ ಇರಬೇಕು, ಇಳಿಯಲು ಎಷ್ಟು ಹೊತ್ತು ಬೇಕು? “ಇಲ್ಲ,” ಅಂದೆ.

“ಹೂಂ,” ಎಂದು ಅವಳು ಸೀರೆಯ ನಿರಿಗೆ ಎತ್ತಿ ಹಿಡಿದು ಒಬ್ಬಳೇ ಕೆಳಗಿಳಿದಳು.